ಆರು ಎಣಿಸಿ ಕೂಗುವವರು

ರೈಲು ಘಟ್ಟದ ಸುರಂಗದೊಳಗೆ ನಿಂತುಬಿಡಬಹುದಿತ್ತು. ಗುಡ್ಡ ಜರಿದು ಹಳಿ ಮುಚ್ಚಿ, ನಮ್ಮನ್ನೆಲ್ಲ ನಡುದಾರಿಯ ಯಾವುದೋ ಸ್ಟೇಶನ್ನಿನಲ್ಲಿ ಇಳಿಸಿ ಇನ್ನು ನಿಮ್ಮ ದಾರಿ ನೀವು ನೋಡಿಕೊಳ್ಳಿ ಎನ್ನಬಹುದಿತ್ತು. ಗೋವೆಯ ವಾಸ್ಕೋ ತಲುಪಿದರೂ ಚಾಳಿನ ಮೆಟ್ಟಿಲ ಪಾಚಿಯ ಮೇಲೆ ಕಾಲು ಜಾರಿ ಸೊಂಟ ಮುರಿಯಬಹುದಿತ್ತು. ಐವತ್ತೆರಡರಲ್ಲಿ ಮುರಿದ ಸೊಂಟ ಕೂಡಲು ಎಷ್ಟು ತಿಂಗಳು ಬೇಕೆಂದು ನಾನು ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದೆ. ಚಾಳನ್ನೇ ಕೆಡವಿ ಅಲ್ಲಿ ಐದಂತಸ್ತಿನ ಕಟ್ಟಡ ಎದ್ದಿರಬಹುದಿತ್ತು. ಖಾದರಸಾಬರಿಗೆ ನನ್ನ ಗುರುತು ಸಿಗದೆ, ಬಾಗಿಲಲ್ಲಿ ನಿಂತವನನ್ನು ಮತದಾರರ ಪಟ್ಟಿ ತಿದ್ದಲು ಬಂದವನೆಂದು ತಿಳಿಯಬಹುದಿತ್ತು. ಗುರುತು ಸಿಕ್ಕು, ಸಿಕ್ಕಿದ ಕಾರಣಕ್ಕೇ ಬಾಗಿಲು ಹಾಕಿಕೊಳ್ಳಬಹುದಿತ್ತು. ಖಾದರಸಾಬರೇ ಇಲ್ಲದಿರಬಹುದಿತ್ತು, ಇದನ್ನು ನನ್ನ ಪಟ್ಟಿಯ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಅದರ ಕೆಳಗೆ ಇನ್ನೂ ಸಣ್ಣದಾಗಿ: ಇಷ್ಟೆಲ್ಲ ದಾಟಿ ಹೋದವನು ತಾಡಪತ್ರಿಯ ಸಂಗತಿ ಬಾಯಿಬಿಡದೆ, ಚಹಾ ಕುಡಿದು, ಮಳೆಯ ಬಗ್ಗೆ ಎರಡು ಮಾತಾಡಿ ಎದ್ದು ಬರಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿ ಇಲ್ಲದ್ದು, ತೀರ ಸಣ್ಣದು.

ಪಟ್ಟಿ ಮಾಡುವುದು ನನ್ನ ಚಟವಷ್ಟೇ ಅಲ್ಲ, ಹೊಟ್ಟೆಪಾಡು. ಹುಬ್ಬಳ್ಳಿಯ ಸಣ್ಣ ಕಚೇರಿಯೊಂದರ ಪರವಾಗಿ ಗೋದಾಮುಗಳಲ್ಲಿಟ್ಟ ಮಾಲು ನೋಡಿ, ಅದು ಯಾವ ಯಾವ ರೀತಿಯಲ್ಲಿ ಕೆಡಬಹುದೆಂದು ಬರೆದುಕೊಡುವುದು ನನ್ನ ಕೆಲಸ. ಸಂಬಳ ಕೊಡದಿದ್ದರೂ ನೀವು ಇದನ್ನೇ ಮಾಡುತ್ತಿದ್ದಿರಿ ಎಂದು ಹೆಂಡತಿ ಹೇಳುತ್ತಾಳೆ. ಆರೇಳು ವರ್ಷಗಳ ಹಿಂದೆ ಒಂದು ಮಳೆಗಾಲ ಪೂರ್ತಿ ನನ್ನನ್ನು ಮುರ್ಮುಗಾಂವ್ ಬಂದರಿನ ಹೊರಗಿನ ಗೋದಾಮುಗಳಿಗೆ ಹಾಕಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರದ ಚೀಲಗಳ ಥಪ್ಪಿಗಳ ನಡುವೆ ಓಡಾಡುವುದು, ಗೋಣಿಯೊಳಗೆ ಕೈ ತೂರಿಸಿ ತಂಪು ನೋಡುವುದು, ಶೀಟು ಸೋರುವ ಕಡೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊಚ್ಚಿಸುವುದು. ಮಳೆಯಲ್ಲಿ ಕೆಟ್ಟದ್ದೆಲ್ಲ ಮುಚ್ಚದೆ ಬಿಟ್ಟಿದ್ದರಿಂದಲೇ ಕೆಟ್ಟದ್ದು: ಇಪ್ಪತ್ತು ವರ್ಷದ ನೌಕರಿ ನನಗೆ ಕಲಿಸಿದ ಏಕೈಕ ಸಿದ್ಧಾಂತ ಅದು. ಅದು ಎಲ್ಲ ಕಡೆಗೂ ಅನ್ವಯಿಸುವುದಿಲ್ಲ ಎಂದು ತಿಳಿದದ್ದೂ ಆ ಮಳೆಗಾಲದಲ್ಲೇ.

ಹೋದ ವಾರ ಹುಬ್ಬಳ್ಳಿಯ ಕಿರಾಣಿ ಅಂಗಡಿಯೊಂದರ ಮುಂದೆ ಖಾಲಿ ಗೋಣಿಚೀಲಗಳ ರಾಶಿ ಮಳೆಗೆ ನೆನೆದು ಬಿದ್ದಿತ್ತು. ಹಾದು ಹೋಗುತ್ತಿದ್ದವನು ನಿಂತೆ. ಒದ್ದೆ ಗೋಣಿಯ ವಾಸನೆಗೆ ನನ್ನಂಥವನಿಗೆ ಗೋದಾಮು ನೆನಪಾಗಬೇಕು. ನನಗೆ ನೆನಪಾಗುವುದು ಕಬಡ್ಡಿ. ಮನೆಗೆ ಹೋಗಿ ರೈಲಿನ ಟಿಕೇಟು ತೆಗೆಸಿದೆ.

ಆಗ ವಾಸ್ಕೋದಲ್ಲಿ ನನಗೆ ನೆಲೆ ಕೊಟ್ಟವರು ಬಸಪ್ಪ ಕಾಕಾ ಮತ್ತು ಅವರ ಹೆಂಡತಿ ಗಂಗವ್ವ. ಬಾಗಲಕೋಟೆ ಕಡೆಯವರು. ಕಾಕಾ ಮೂವತ್ತು ವರ್ಷ ಬಂದರಿನಲ್ಲಿ ಮಾಲು ಇಳಿಸುವ ಗ್ಯಾಂಗಿನ ಮುಕಾದಮರಾಗಿದ್ದು ನಿವೃತ್ತರಾದವರು. ಗುಡ್ಡದ ಇಳಿಜಾರಿನಲ್ಲಿ ಹನ್ನೆರಡು ಮನೆಗಳ ಚಾಳು. ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತರೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಮುಂದಿನ ಖೋಲಿಯಲ್ಲಿ ಅವರು, ಟೀವಿ. ಹಿಂದಿನ ಸಣ್ಣ ಖೋಲಿಯಲ್ಲಿ ನಾನು, ನನ್ನ ಚಿಂತೆ. ಮನೆಮನೆಗಳ ನಡುವಿನ ಗೋಡೆ ಮಾಡಿನ ಶೀಟಿಗೆ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಮೇಲೆ ಒಂದು ಗೇಣು ಸಂದು. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಿದ್ದರು.

ಬಂದ ಕೆಲವೇ ದಿನಕ್ಕೆ ಕಬಡ್ಡಿ ಲೀಗು ಶುರುವಾಯಿತು. ಆ ಸಂಜೆ ನಾನು ಬಚ್ಚಲಿನ ಚಿಲಕ ಸಡಿಲವಾಗಿದೆ, ಒಳಗಿದ್ದಾಗ ಕಳಚಿದರೆ ಏನು ಗತಿ ಎಂದು ಕೇಳಲು ಮುಂದಿನ ಖೋಲಿಗೆ ಬಂದರೆ, ಗಂಗವ್ವ ತುಟಿಯ ಮೇಲೆ ಬೆರಳಿಟ್ಟರು. ಟೀವಿಯಲ್ಲಿ ನಮ್ಮ ಕಡೆಯ ತಂಡದ ಉದ್ದ ಕಾಲಿನ ರೇಡರ್ ಎದುರಾಳಿಗಳ ಅಂಗಳಕ್ಕೆ ಹೊಕ್ಕಿದ್ದ. ಕಾಕಾ ಪದ್ಮಾಸನ ಹಾಕಿ ಕುಳಿತು, ಕಣ್ಣು ಕಿರಿದು ಮಾಡಿಕೊಂಡು, ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದರು. ಆ ಮನೆಯ ಪದ್ಧತಿ ಅದು. ನಮ್ಮ ರೇಡರ್ ಒಳಗೆ ಹೋದಾಗ ಮನೆಯಲ್ಲಿ ಯಾರಾದರೊಬ್ಬರು ಅವನ ಜೊತೆಗೆ ದಮ್ ಹಿಡಿಯಬೇಕು, ಅವನು ಮರಳಿ ಗೆರೆ ಮುಟ್ಟುವ ತನಕ ಬಿಡಬಾರದು. ಇಲ್ಲಿ ದಮ್ ಮುರಿದರೆ ಅಲ್ಲಿ ಅವನು ಸಿಕ್ಕಿಬೀಳುತ್ತಾನೆ. ಟೀವಿಯವರಿಗೆ ಇದು ಗೊತ್ತಿಲ್ಲ, ಅಷ್ಟೆ.

ನಾನು ಆಟ ನೋಡದ ಮನುಷ್ಯ. ಕೊನೆಗೆ ಏನಾಗುತ್ತದೆಂದು ತಿಳಿಯದ ಯಾವುದನ್ನೂ ಕುಳಿತು ನೋಡುವ ಗುಂಡಿಗೆ ನನಗಿಲ್ಲ. ಆದರೆ ಆ ಮನೆಯಲ್ಲಿ ನೋಡದೆ ಇರುವುದಕ್ಕೆ ಜಾಗವಿರಲಿಲ್ಲ. ವಾರದೊಳಗೆ ಆಟಗಾರರೆಲ್ಲ ಪರಿಚಯವಾದರು, ಅದೂ ಗಂಗವ್ವ ಇಟ್ಟ ಹೆಸರುಗಳಿಂದ. ಉದ್ದ ಕಾಲಿನವನು ಕೊಕ್ಕರಿ. ಎದುರಾಳಿ ತಂಡವೊಂದರ ಮೂಲೆಯಲ್ಲಿ ನಿಂತು, ಬಂದವರ ಕಾಲು ಹಿಡಿಯುವ ದೈತ್ಯ ಎಮ್ಮಿ. ನಮ್ಮ ತಂಡದಲ್ಲೇ, ಎಲ್ಲರ ಬಾಗಿಲಿಗೂ ಹೋಗಿ ಏನೂ ಗಿಟ್ಟಿಸದೆ ಮರಳುವ ಒಬ್ಬನಿಗೆ ಎಲೆಕ್ಷನ್ ಎಂದು ಹೆಸರು. ಆ ಹೆಸರುಗಳನ್ನು ಆಕೆ ಗಟ್ಟಿಯಾಗಿ ಕೂಗುತ್ತಿದ್ದರು, ಆದರೆ ಆಕೆ ಆಟ ನೋಡುತ್ತಿದ್ದದ್ದು ಕಡಿಮೆ. ಕೊಕ್ಕರಿ ಒಳಗೆ ಹೊಕ್ಕ ಕೂಡಲೇ ಆಕೆಯ ಕಣ್ಣು ಟೀವಿ ಬಿಟ್ಟು ಗಂಡನ ಎದೆಯ ಮೇಲೆ ಬರುತ್ತಿತ್ತು. ಕಾಕಾಗೆ ಉಬ್ಬಸ. ಗೋವೆಯ ಮಳೆಗಾಲದಲ್ಲಿ ಅದು ಗೋಡೆಯ ಬೂಷ್ಟಿನಂತೆ ಬೆಳೆಯುತ್ತಿತ್ತು. ಉಸಿರು ಬಿಗಿ ಹಿಡಿಯುವುದು, ಕೂಗುವುದು ಎರಡನ್ನೂ ಡಾಕ್ಟರು ಬೇಡವೆಂದಿದ್ದರು. ಆ ಮನುಷ್ಯ ದಿನಾ ಮಾಡುತ್ತಿದ್ದದ್ದು ಅವೆರಡನ್ನೇ.

ನೀವೇಕೆ ಟೀವಿ ನೋಡುವುದಿಲ್ಲ ಎಂದು ಒಮ್ಮೆ ಕೇಳಿದೆ.

“ನಾ ಆಟಾ ನೋಡಿದ್ರ ಇವರನ್ನ ಯಾರು ನೋಡಬೇಕು, ತಮ್ಮಾ?” ಎಂದರು ಗಂಗವ್ವ. ಮರುದಿನವೇ ಅದಕ್ಕೊಂದು ಪರಿಹಾರವನ್ನೂ ಹುಡುಕಿದರು. ಇನ್ನು ಮೇಲೆ ಕಾಕಾನ ಬದಲಿಗೆ ದಮ್ ಹಿಡಿಯಬೇಕಾದವನು ನಾನು.

ಕಾಕಾ ಒಪ್ಪಲಿಲ್ಲ. “ಬದಲಿ ಆಳು ಚೀಲಾ ಹೊರಾಕ ನಡೀತೈತಿ. ಇದಕ್ಕ ನಡಿಯಂಗಿಲ್ಲ,” ಎಂದರು. ಆದರೆ ಆ ಮನೆಯ ಮುಕಾದಮರು ಬೇರೆಯವರಿದ್ದರು. ನಾನು ಕಬಡ್ಡಿ ಕಬಡ್ಡಿ ಎನ್ನತೊಡಗಿದೆ. ಒಂದು ರೇಡಿಗೆ ಮೂವತ್ತು ಸೆಕೆಂಡು; ನನ್ನ ಉಸಿರು ಹದಿನಾಲ್ಕಕ್ಕೆ ಮುಗಿಯಿತು. ಅದೇ ಹೊತ್ತಿಗೆ ಎಮ್ಮಿ ಕೊಕ್ಕರಿಯ ಕಾಲು ಹಿಡಿದು ನೆಲಕ್ಕೆ ಕೆಡವಿತು. ಕಾಕಾ ನನ್ನತ್ತ ತಿರುಗಿ, ನಾನು ಒದ್ದೆ ಚೀಲವನ್ನು ನೋಡುವಂತೆ ನನ್ನನ್ನು ನೋಡಿದರು.

“ಸಾಹೇಬ್ರ, ನಿಮ್ಮ ಎದಿ ಸೋರತೈತ್ರಿ.”

ಅಂದಿನಿಂದ ನನ್ನ ಪಟ್ಟಿಗೆ ಒಂದು ತಂಡದ ಸೋಲು ಗೆಲುವೂ ಸೇರಿಕೊಂಡಿತು. ಹಗಲು ಗೋದಾಮಿನ ಥಪ್ಪಿಗಳ ಹಿಂದೆ ನಿಂತು ಅಭ್ಯಾಸ ಮಾಡಿದೆ. ಹಮಾಲರು ನಾನು ಯಾವುದೋ ಜಪ ಹಿಡಿದಿದ್ದೇನೆಂದು ತಿಳಿದು ಆ ಹೊತ್ತಿನಲ್ಲಿ ಬೀಡಿ ಆರಿಸುತ್ತಿದ್ದರು. ಆಗಸ್ಟ್ ಹೊತ್ತಿಗೆ ಇಪ್ಪತ್ತಾರು ಸೆಕೆಂಡಿಗೆ ಬಂದೆ. ಕಾಕಾನ ತುಟಿ ಮಾತ್ರ ನನ್ನ ಜೊತೆಗೇ, ಸದ್ದಿಲ್ಲದೆ ಆಡುತ್ತಿತ್ತು. ಗಂಗವ್ವ ನೋಡಿಯೂ ನೋಡದಂತಿರುತ್ತಿದ್ದರು.

ಕೊಕ್ಕರಿ ಯಾರನ್ನಾದರೂ ಮುಟ್ಟಿ ಬಂದಾಗ ಕಾಕಾ ‘ಹೋ’ ಎಂದು ಕೂಗುತ್ತಿದ್ದರು. ಅದೇ ಕ್ಷಣಕ್ಕೆ ಗೋಡೆಯಾಚೆಯಿಂದ ಇನ್ನೊಂದು ‘ಹೋ’. ಒಂದು ಗಂಟಲಿನ ಎರಡು ದನಿಯ ಹಾಗೆ. ಕಾಕಾನ ಮುಖದಲ್ಲಿ ಆಗ ಕಾಣುತ್ತಿದ್ದ ತೃಪ್ತಿ ಬರೀ ಪಾಯಿಂಟಿನದ್ದಾಗಿರಲಿಲ್ಲ.

ಆಚೆ ಮನೆಯವರು ಖಾದರಸಾಬರು, ಬಂದರಿನ ಲಾರಿ ಓಡಿಸುತ್ತಿದ್ದವರು, ವಿಜಯಪುರದ ಕಡೆಯವರು. ಅವರ ಹೆಂಡತಿ ಮಾಬೂಬಿ. ಹೆಂಗಸರಿಬ್ಬರು ದಿನಾ ನಳದ ಹತ್ತಿರ ಮಾತಾಡುತ್ತಿದ್ದರು, ಶೇಂಗಾದ ಚಟ್ನಿಪುಡಿ, ಅಂದರೆ ಹಿಂಡಿ, ಆ ಕಡೆ, ಹಬ್ಬದ ಸುರಕುಂಬಾ ಪಾಯಸ ಈ ಕಡೆ ಹೋಗಿ ಬರುತ್ತಿತ್ತು. ಗಂಡಸರಿಬ್ಬರಿಗೂ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಬಂದರನ್ನು ನೋಡುತ್ತಿದ್ದರು, ಇನ್ನೊಬ್ಬರು ಚಪ್ಪಲಿಯನ್ನು.

ಕಾರಣ ಗಂಗವ್ವ ಹೇಳಿದ್ದು. ಇಬ್ಬರೂ ಪ್ರಾಯದಲ್ಲಿ ಬಂದರಿನ ಕೂಲಿಕಾರರ ತಂಡದಲ್ಲಿ ಆಡಿದವರು. ಪ್ರಾಯ ಹೋದ ಮೇಲೂ ಆಟ ಬಿಟ್ಟಿರಲಿಲ್ಲ. ಒಮ್ಮೆ ಸಾಂಗೆಯ ಗಣಿ ಕೆಲಸಗಾರರ ತಂಡದ ಮೇಲೆ ಪಂದ್ಯ. ಆಗಿನ ರೂಢಿಯಂತೆ ಎರಡೂ ಕಡೆಯವರು ಒಬ್ಬೊಬ್ಬ ಪಂಚನನ್ನು ಕೊಡಬೇಕು. ಖಾದರಸಾಬರಿಗೆ ಕಾಲು ಉಳುಕಿತ್ತು, ಅವರನ್ನೇ ನಿಲ್ಲಿಸಿದರು. ಕೊನೆಯ ರೇಡು ಬಸಪ್ಪ ಕಾಕಾನದು. ಒಬ್ಬನನ್ನು ಮುಟ್ಟಿ, ಮೂವರು ಮೈಮೇಲೆ ಬಿದ್ದಿದ್ದರೂ ತೆವಳಿ ತೆವಳಿ ಗೆರೆ ಮುಟ್ಟಿದರು. ಸಾಂಗೆಯ ಪಂಚ ಸುಮ್ಮನಿದ್ದ. ಕೈ ಎತ್ತಿ ‘ದಮ್ ಹೋತು’ ಎಂದವರು ಖಾದರಸಾಬರು. ಬಂದರಿನವರು ಸೋತರು. ನನ್ನ ದಮ್ ಹೋಗಿರಲಿಲ್ಲ ಎಂದು ಕಾಕಾ, ಹೋಗಿತ್ತು ಎಂದು ಖಾದರಸಾಬರು. ಅಲ್ಲಿಗೆ ಮಾತು ನಿಂತದ್ದು.

“ಅವಾ ನನ್ನ ಕಳ್ಳನ್ನ ಮಾಡಿದ,” ಎಂದು ಕಾಕಾ ಒಮ್ಮೆ ನನ್ನೆದುರು ಹೇಳಿದ್ದರು. ಆಮೇಲೆ ಗೋಡೆಯ ಕಡೆ ಗದ್ದ ಎತ್ತಿ, “ಆದ್ರ ಆಟಾ ತಿಳೀತೈತಿ ಮಗಂಗ. ನಾ ಕೂಗೂದಕ್ಕೂ ಅವಾ ಕೂಗೂದಕ್ಕೂ ಒಂದ ಕೂದಲಷ್ಟ ಫರಕ್ ಇಲ್ಲ ನೋಡ್ರಿ,” ಎಂದು ಸೇರಿಸಿದ್ದರು.

ಆ ಕೂದಲಷ್ಟು ಫರಕಿನ ಕತೆ ನನಗೆ ತಿಳಿದದ್ದು ಜುಲೈ ಕೊನೆಯ ಒಂದು ಸಂಜೆ. ಗಂಗವ್ವ ಹಿಂಡಿಯ ಡಬ್ಬಿ ಕೊಟ್ಟು ಆಚೆ ಮನೆಗೆ ಕಳಿಸಿದ್ದರು. ಅಲ್ಲಿಯೂ ಅದೇ ಪಂದ್ಯ. ಅಂದು ಎಲೆಕ್ಷನ್‌ನ ಸರದಿ. ನಾನು ನೋಡುತ್ತಿದ್ದಂತೆ ಅವನು ಎಂದೂ ಇಲ್ಲದೆ ಇಬ್ಬರನ್ನು ಮುಟ್ಟಿ ಮರಳಿದ. ಖಾದರಸಾಬರು ಕೂಗಲಿಲ್ಲ. ಹೆಗಲ ಮೇಲಿನ ಟವೆಲ್ಲಿನ ಚುಂಗು ಬಾಯಿಗೆ ತುರುಕಿಕೊಂಡು, ಕಣ್ಣು ಅಗಲಿಸಿ ಕುಳಿತರು. ಪಕ್ಕದಲ್ಲಿ ಮಾಬೂಬಿ ಮುಚ್ಚಿದ ಮುಷ್ಟಿಯಿಂದ ಒಂದೊಂದೇ ಬೆರಳು ಬಿಚ್ಚುತ್ತಿದ್ದರು. ಐದು ಬೆರಳಾಯಿತು, ಇನ್ನೊಂದು ಕೈಯ ಹೆಬ್ಬೆರಳು ಬಿಚ್ಚಿತು. ಆಗ ಟವೆಲ್ಲು ಹೊರಬಂತು. “ಹೋ.” ಗೋಡೆಯಾಚೆಯಿಂದ, ಅದೇ ಕ್ಷಣಕ್ಕೆ, ಕಾಕಾನ ‘ಹೋ’.

ನಾನು ಡಬ್ಬಿ ಹಿಡಿದು ನಿಂತೇ ಇದ್ದೆ. ಮಾಬೂಬಿ ದನಿ ತಗ್ಗಿಸಿ ತಿಳಿಸಿ ಹೇಳಿದರು. ತಮ್ಮದು ವೈರಿನ ಟೀವಿ. ಬಸಪ್ಪಣ್ಣನದು ಛತ್ರಿಯದು, ಅಂದರೆ ಹಿತ್ತಲಲ್ಲಿ ಕಬ್ಬಿಣದ ಪೈಪಿಗೆ ಬಿಗಿದ ಡಿಶ್‌ನದು. ಯಾಕೋ ಅದರಲ್ಲಿ ಎಲ್ಲ ಆರು ಎಣಿಸುವಷ್ಟು ತಡವಾಗಿ ಬರುತ್ತದೆ. ಮೊದಲ ವರ್ಷ ಇವರು ಕೂಗಿದಾಗೆಲ್ಲ ಆಚೆ ಮನೆಯಲ್ಲಿ ಆಟ ಇನ್ನೂ ನಡೆದಿರುತ್ತಿತ್ತಂತೆ. ಒಂದು ದಿನ ಬಸಪ್ಪಣ್ಣ ಅರ್ಧಕ್ಕೇ ಟೀವಿ ಆರಿಸಿದ್ದು ಕೇಳಿಸಿತು. ಮರುದಿನದಿಂದ ಟವೆಲ್ಲು.

ಖಾದರಸಾಬರು ಟೀವಿಯಿಂದ ಕಣ್ಣು ತೆಗೆಯದೆ ನನಗೆ ಹೇಳಿದರು: “ಅಲ್ಲಿ ಹೇಳಬ್ಯಾಡ್ರಿ ಮತ್ತ.”

ನಾನು ಹೇಳಲಿಲ್ಲ. ಹೇಳಿದರೆ ಏನೇನು ಆಗಬಹುದೆಂದು ಪಟ್ಟಿ ಮಾಡಿ, ಅದರ ಉದ್ದ ನೋಡಿಯೇ ಸುಮ್ಮನಾದೆ. ಆದರೆ ಅಂದಿನಿಂದ ಕಾಕಾನ ಖೋಲಿಯಲ್ಲಿ ಕುಳಿತು ದಮ್ ಹಿಡಿದಾಗಲೆಲ್ಲ ಗೋಡೆಯಾಚೆಯ ಮೌನ ನನಗೆ ಕೇಳತೊಡಗಿತು. ಆ ಮೌನದಲ್ಲಿ ಏನಾಯಿತೆಂದು ಬಲ್ಲವರೊಬ್ಬರು ನಮಗಾಗಿ ಕಾದು ಕುಳಿತಿದ್ದಾರೆ ಎಂಬುದೇ ನನಗೆ ಧೈರ್ಯ. ಅಷ್ಟು ನಿಶ್ಚಿಂತನಾಗಿ ನಾನು ಬದುಕಿನಲ್ಲಿ ಮತ್ತೆಲ್ಲೂ ಕುಳಿತದ್ದಿಲ್ಲ.

ಆಗಸ್ಟ್ ನಡುವಿನಲ್ಲಿ ಕಾಕಾನ ಉಬ್ಬಸ ಏರಿತು. ನಾಲ್ಕು ದಿನ ಆಸ್ಪತ್ರೆಯಾಯಿತು. ಈ ಹಸಿ ಗಾಳಿ ಇನ್ನು ಆಗದು, ಒಣ ಊರಿಗೆ ಹೋಗಿಬಿಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಮಗಳು ಇಳಕಲ್ಲಿನಲ್ಲಿದ್ದಳು, ಕರೆಯುತ್ತಲೂ ಇದ್ದಳು. ಕಾಕಾ ಫೈನಲ್ ಮುಗಿಯುವ ತನಕ ಕದಲುವುದಿಲ್ಲ ಎಂದರು. ಮಗಳ ಮನೆಯಲ್ಲೂ ಟೀವಿ ಇದೆಯಲ್ಲ ಎಂದು ನಾನು ಗಂಗವ್ವನಿಗೆ ಹೇಳಿದೆ. ಆಕೆ ಹಿಟ್ಟು ನಾದುವುದನ್ನು ನಿಲ್ಲಿಸಿದರು.

“ಟೀವಿ ಐತಿ, ತಮ್ಮಾ. ಈ ಗ್ವಾಡಿ ಎಲ್ಲೈತಿ?”

ಆಕೆಗೆ ಒಂದೇ ಆಸೆಯಿತ್ತು. ಹೋಗುವ ಮೊದಲು ಈ ಇಬ್ಬರೂ ಒಂದು ಸಲ ಮಾತಾಡಬೇಕು. ಹೀಗೆಯೇ ಹೋದರೆ ಇಳಕಲ್ಲಿನ ಒಣ ಗಾಳಿಯಲ್ಲೂ ಇವರಿಗೆ ಉಸಿರು ಸರಾಗವಾಗದು ಎಂದು ಆಕೆ ನಂಬಿದ್ದರು. ನಾನು ನಡುವೆ ನಿಂತು ಏನಾದರೂ ಮಾಡಬಹುದೇ ಎಂದು ಕೇಳಿದರು. ನೋಡೋಣ ಎಂದೆ. ನಾನು ನೋಡೋಣ ಎಂದರೆ ಏನರ್ಥವೆಂದು ನನ್ನ ಹೆಂಡತಿಯನ್ನು ಕೇಳಬೇಕು. ಖಾದರಸಾಬರ ಬಾಗಿಲ ತನಕ ಎರಡು ಸಲ ಹೋಗಿ, ಎರಡು ಸಲವೂ ಅವರ ಮನೆಯ ಮುಂದಿನ ಗಟಾರ ಕಟ್ಟಿಕೊಂಡಿರುವ ಬಗ್ಗೆ ಮಾತಾಡಿ ಬಂದೆ.

ಫೈನಲ್ ಬಂದದ್ದು ಚೌತಿ ಮುಗಿದ ಮೇಲೆ, ಎಮ್ಮಿಯ ತಂಡದ ವಿರುದ್ಧ. ಮಳೆ ಹೋಯಿತೆಂದು ಜನ ಕೊಡೆ ಮಡಚಿಟ್ಟಿದ್ದರು. ಎರಡು ದಿನದ ಮೊದಲು ಅದು ತಿರುಗಿ ಬಂತು, ಮರೆತ ಸಾಮಾನು ಒಯ್ಯಲು ಬಂದವರ ಅವಸರದಲ್ಲಿ. ಸೆಮಿಫೈನಲ್ಲಿನಲ್ಲಿ ಛತ್ರಿಯ ಚಿತ್ರ ಮೂರು ಸಲ ಹೋಗಿ ಮೂರು ಸಲ ಬಂದಿತ್ತು. ಚಿತ್ರ ಹೋದಾಗೆಲ್ಲ ಆಚೆ ಮನೆಯ ಟೀವಿಯ ದನಿ ತಾನಾಗಿ ಏರುತ್ತಿತ್ತು. ಬಂದ ಮೇಲೆ ಇಳಿಯುತ್ತಿತ್ತು. ಆದರೆ ಫೈನಲ್ಲಿನಲ್ಲಿ ಹಾಗಾಗಬಾರದು. ಕಾಕಾ ಈ ಖೋಲಿಯಲ್ಲಿ ನೋಡುವ ಕೊನೆಯ ಪಂದ್ಯ ಅದು. ನಾನು ಏನಾದರೂ ಮಾಡಲೇಬೇಕಿತ್ತು. ಮಾಡಿದೆ. ಫೈನಲ್ಲಿನ ದಿನ ಮಧ್ಯಾಹ್ನ ಗೋದಾಮಿನಿಂದ ಹೊಸ ತಾಡಪತ್ರಿಯ ತುಂಡೊಂದನ್ನು ತಂದು, ಹಿತ್ತಲ ಏಣಿ ಹತ್ತಿ, ಡಿಶ್ಶನ್ನು ನಾಲ್ಕೂ ಕಡೆಯಿಂದ ಮುಚ್ಚಿ, ಸುತಳಿಯಿಂದ ಬಿಗಿಯಾಗಿ ಕಟ್ಟಿದೆ. ಒಂದು ಹನಿ ಒಳಗಿಳಿಯದಂತೆ. ಇಪ್ಪತ್ತು ವರ್ಷದ ಅನುಭವದ ಕಟ್ಟು ಅದು. ಯಾರಿಗೂ ಹೇಳಲಿಲ್ಲ, ಒಳ್ಳೆಯ ಕೆಲಸ ಮಾಡಿ ಸುಮ್ಮನಿರುವ ಸುಖ ನನಗೆ ಅಪರೂಪ.

ಸಂಜೆ ಟೀವಿ ಹಚ್ಚಿದರೆ ಬರೀ ನೀಲಿ. ಸಿಗ್ನಲ್ ಇಲ್ಲ ಎಂಬ ಸಾಲು. ಹೊರಗೆ ಮಾಡಿನ ಶೀಟುಗಳ ಮೇಲೆ ಮಳೆ ಸುರಿಯುತ್ತಿತ್ತು. ಎಲ್ಲರೂ ಮಳೆಯನ್ನೇ ಬೈದರು, ನಾನೂ ಬೈದೆ. ನನ್ನ ಫೋನಿನಲ್ಲಿ ನೋಡೋಣವೆಂದರೆ ಅಲ್ಲಿ ಒಂದು ಚಕ್ರ ತಿರುಗುತ್ತಲೇ ಇತ್ತು. ಆಚೆ ಮನೆಯ ದನಿ ಏರಿತು. ಕಾಕಾ ಆ ದನಿಗೆ ಕಿವಿಗೊಟ್ಟು, ನೀಲಿ ಪರದೆ ನೋಡುತ್ತ ಕುಳಿತರು. ಅರ್ಧ ಆಟ ಮುಗಿಯುವ ಹೊತ್ತಿಗೆ ಮಳೆ ಐದು ನಿಮಿಷ ನಿಂತಿತು. ಆಗಲೂ ಚಿತ್ರ ಬರಲಿಲ್ಲ. ನನಗೆ ಹೊಳೆದದ್ದು ಆಗ. ಆಕಾಶದಿಂದ ಬರುವುದನ್ನು ಹಿಡಿಯಲೆಂದೇ ಮೇಲೆ ಮುಖ ಮಾಡಿ ಕುಳಿತ ವಸ್ತುವಿಗೆ ನಾನು ಮುಸುಕು ಹಾಕಿ ಕಟ್ಟಿದ್ದೆ.

ಎದ್ದು ಹೋಗಿ ಬಿಚ್ಚಬಹುದಿತ್ತು. ಏಣಿ ಒದ್ದೆಯಾಗಿತ್ತು, ಗಂಟು ನೆನೆದು ಬಿಗಿದಿರುತ್ತಿತ್ತು, ಎಲ್ಲಕ್ಕಿಂತ ಮೊದಲು ಹೇಳಬೇಕಾಗುತ್ತಿತ್ತು. ನಾನು ಕುಳಿತೇ ಇದ್ದೆ. ಮಳೆ ಮತ್ತೆ ಶುರುವಾಯಿತು, ಈ ಸಲ ಎಷ್ಟು ಜೋರೆಂದರೆ ಆಚೆಯ ಟೀವಿ ಎಷ್ಟು ಕಿರುಚಿದರೂ ಒಂದು ಶಬ್ದವೂ ತಿಳಿಯದಾಯಿತು. ಆಚೆ ಮನೆಗೆ ಹೋಗೋಣ ಬನ್ನಿ ಎಂದು ಗಂಗವ್ವ ಒಂದು ಸಲ ಅಂದರು. ಕಾಕಾ ಇನ್ನೊಮ್ಮೆ ರಿಮೋಟ್ ಒತ್ತಿದರು. ಪಂದ್ಯ ಎಲ್ಲಿಗೆ ಬಂದಿದೆ, ಯಾರು ಮುಂದಿದ್ದಾರೆ, ಏನೂ ತಿಳಿಯದೆ ಮೂವರೂ ನೀಲಿ ಬೆಳಕಿನಲ್ಲಿ ಕುಳಿತಿದ್ದೆವು.

ಆಗ ಗೋಡೆಯ ಮೇಲಿನ ಸಂದಿನಿಂದ ಖಾದರಸಾಬರ ದನಿ ಬಂತು. ಬಹುಶಃ ಸ್ಟೂಲ್ ಹತ್ತಿ ನಿಂತಿದ್ದರು. ಯಾರನ್ನೂ ಕರೆಯದೆ, ಲಾರಿಯ ಕ್ಲೀನರ್ ಹಿಂದಿನಿಂದ ಡ್ರೈವರ್‌ಗೆ ದಾರಿ ಹೇಳುವ ಧಾಟಿಯಲ್ಲಿ.

“ಕಡೀ ರೇಡ್ ಐತಿ. ಕೊಕ್ಕರಿ ಒಳಗ ಹೊಂಟಾನ.”

ಗಂಗವ್ವ ಇಟ್ಟ ಹೆಸರುಗಳು ಅವರಿಗೂ ಬಾಯಿಪಾಠವಾಗಿದ್ದವು.

“ಎಡಕ್ಕ ಹೋದ. ಎಮ್ಮಿ ಮೂಲ್ಯಾಗ ನಿಂತೈತಿ. ಕಾಲ ಚಾಚಿದ, ಸಿಗಲಿಲ್ಲ. ಈಗ ಬಲಕ್ಕ ಬಂದ.”

ನಾನು ದಮ್ ಹಿಡಿದೆ. ಪಕ್ಕದಲ್ಲಿ ಇನ್ನೊಂದು ದನಿ ಕೂಡಿತು. ಕಾಕಾ, ತುಟಿಯಿಂದಲ್ಲ, ಎದೆಯಿಂದ, ಕಬಡ್ಡಿ ಕಬಡ್ಡಿ ಎನ್ನುತ್ತಿದ್ದರು. ಗಂಗವ್ವನ ಕೈ ಅವರ ಬೆನ್ನಿಗೆ ಹೋಯಿತು, ಆದರೆ ತಡೆಯಲಿಲ್ಲ.

“ಮುಟ್ಟಿದ, ಒಬ್ಬನ ಮುಟ್ಟಿದ. ಎಮ್ಮಿ ಕಾಲ ಹಿಡೀತು. ಮತ್ತೊಬ್ಬ ಬಿದ್ದ ಮ್ಯಾಲ. ಎಳಿಯಾಕತ್ತಾನ, ತೆವಳಾಕತ್ತಾನ. ಗೆರಿ ಇನ್ನೂ ಒಂದ ಮಾರು ಐತಿ.”

ನನ್ನ ಉಸಿರು ಮುಗಿಯಿತು. ಖೋಲಿಯಲ್ಲಿ ಉಳಿದದ್ದು ಕಾಕಾನದೊಂದೇ, ದಾರದಷ್ಟು ತೆಳ್ಳಗೆ, ನಡುನಡುವೆ ಶಿಳ್ಳೆ ಹೊಡೆಯುತ್ತ. ಆಚೆ ದನಿ ಒಂದು ಗಳಿಗೆ ನಿಂತಿತು. ಖಾದರಸಾಬರು ಟೀವಿಯನ್ನು ಬಿಟ್ಟು ಈ ದನಿಯನ್ನು ಕೇಳುತ್ತಿದ್ದರು.

“ದಮ್ ಐತಿ,” ಎಂದರು. “ಇನ್ನೂ ದಮ್ ಐತಿ, ಬಸೂ. ಬಿಡಬ್ಯಾಡ.”

ಕಬಡ್ಡಿ ಕಬಡ್ಡಿ ಇನ್ನು ನಾಲ್ಕು ಸಲ ಬಂತು. ಆಮೇಲೆ ಕೆಮ್ಮು. ಗಂಗವ್ವ ಬೆನ್ನು ತಿಕ್ಕಿದರು, ನಾನು ಉಬ್ಬಸದ ಪಂಪು ಹುಡುಕಿ ಕೈಗೆ ಕೊಟ್ಟೆ. ಅದನ್ನು ಎಳೆದುಕೊಂಡು, ಸುಧಾರಿಸಿಕೊಂಡು, ಕಾಕಾ ಸಂದಿನ ಕಡೆ ಮುಖ ಎತ್ತಿದರು.

“ಅವತ್ತ ಹೋಗಿತ್ತೋ, ಖಾದರ.”

ಆಚೆ ಸ್ಟೂಲ್ ಕಿರುಗುಟ್ಟಿತು.

“ಗೊತ್ತೈತಿ,” ಎಂದಿತು ಆಚೆಯ ದನಿ. “ಈಗ ಸುಮ್ನ ಉಸರಾಡು.”

ಯಾರು ಗೆದ್ದರೆಂದು ಕೇಳುವುದು ಎಲ್ಲರಿಗೂ ಮರೆತಿತ್ತು. ಎಷ್ಟೋ ಹೊತ್ತಿನ ಮೇಲೆ ಗಂಗವ್ವ ಕೇಳಿದರು. ಮಾಬೂಬಿ ಆಚೆಯಿಂದ, ಸೋತ್ರಕ್ಕಾ, ಗೆರಿ ಒಂದ ಗೇಣು ಉಳೀತು, ಚಾ ಮಾಡಾಕತ್ತೇನಿ ಬರ್ರಿ, ಎಂದರು. ಹೋದೆವು. ಕಾಕಾ ಹತ್ತೊಂಬತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟುವಾಗ ಖಾದರಸಾಬರು ಬಂದರಿನ ಕಡೆಯನ್ನಾಗಲಿ ಚಪ್ಪಲಿಯನ್ನಾಗಲಿ ನೋಡಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ತಾಡಪತ್ರಿ ಬಿಚ್ಚಿ ಗೋದಾಮಿಗೆ ಸಾಗಿಸಿದೆ. ಆಮೇಲೆ ಐದು ದಿನ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಜಗಳಾಡಿದರು. ದಮ್ ಹೋದದ್ದು ಒಂಬತ್ತನೆಯ ಕಬಡ್ಡಿಗೋ ಹನ್ನೊಂದನೆಯದಕ್ಕೋ ಎಂಬುದರ ಮೇಲೆ. ಆರನೆಯ ದಿನ ಖಾದರಸಾಬರು ಗೆಳೆಯನೊಬ್ಬನ ಟೆಂಪೋ ತಂದು ಅವರ ಸಾಮಾನು ಹೇರಿ ಸ್ಟೇಶನ್ನಿಗೆ ಒಯ್ದರು. ಛತ್ರಿಯನ್ನು ಯಾರೂ ಇಳಿಸಲಿಲ್ಲ. ಇಳಕಲ್ಲಿನಲ್ಲಿ ಕಾಕಾ ಎರಡು ವರ್ಷ ಇದ್ದರು. ಉಬ್ಬಸ ಅಲ್ಲಿ ಬರಲಿಲ್ಲ, ಬೇರೇನೋ ಬಂತು. ಗಂಗವ್ವ ಫೋನ್ ಮಾಡಿ ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ನೀಲಿ ಪರದೆ. ಅವರು ಆ ಖೋಲಿಯಲ್ಲಿ ನೋಡಬೇಕಿದ್ದ ಕೊನೆಯ ಪಂದ್ಯವನ್ನು ನಾನು ಸುತಳಿ ಬಿಗಿದು ಮುಚ್ಚಿಟ್ಟಿದ್ದೆ, ಅದನ್ನು ಅವರಿಗೆ ಹೇಳಲೂ ಇಲ್ಲ.

ಮೊನ್ನೆ ಹೋದಾಗ ಚಾಳು ಇತ್ತು. ಪಾಚಿಯಿತ್ತು, ಜಾರಲಿಲ್ಲ. ಖಾದರಸಾಬರು ಕನ್ನಡಕ ಏರಿಸಿ ನೋಡಿ, ಎದಿ ಸೋರುವ ಸಾಹೇಬ್ರು ಬಂದ್ರು ಎಂದು ಒಳಗೆ ಕೂಗಿ ಹೇಳಿದರು. ಮಾಬೂಬಿ ಚಹಾ ತಂದರು. ಕಾಕಾನ ಮನೆಯಲ್ಲಿ ಈಗ ಬೇರೆ ಊರಿನ ಕೆಲಸಗಾರರಿದ್ದಾರೆ, ಬೆಳಿಗ್ಗೆ ಹೋದವರು ತಡವಾಗಿ ಬರುತ್ತಾರೆ. ಆ ಹೊತ್ತಿಗೆ ಬೀಗ ಹಾಕಿತ್ತು. ಹಿತ್ತಲ ಪೈಪಿನ ಮೇಲೆ ಛತ್ರಿ ತುಕ್ಕು ಹಿಡಿದು ಇನ್ನೂ ಕುಳಿತಿತ್ತು. ಅದನ್ನು ನೋಡಿದ ಮೇಲೆ ನನಗೆ ಮಳೆಯ ಬಗ್ಗೆ ಮಾತಾಡಲು ಆಗಲಿಲ್ಲ. ತಾಡಪತ್ರಿಯ ಸಂಗತಿಯೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಖಾದರಸಾಬರು ಬಸಿಯಲ್ಲಿದ್ದ ಚಹಾ ಮುಗಿಸಿದರು.

“ನೀವು ಏಣಿ ಹತ್ತಿದ್ದು ನಾ ನೋಡಿದ್ನಲ್ರಿ,” ಎಂದರು. “ಟೀವಿ ಹಚ್ಚಿ ಅವರ ಮನ್ಯಾಗ ಆವಾಜ್ ಬರಲಿಲ್ಲ ಅಂದ ಕೂಡ್ಲೆ ಹಿತ್ತಲಕ್ಕ ಹೋದೆ, ಬಿಚ್ಚೂಣಂತ. ಎರಡ ಮೆಟ್ಟಲಾ ಹತ್ತಿದ್ದೆ.”

ಬಸಿಯನ್ನು ನೆಲದ ಮೇಲಿಟ್ಟು ಗೋಡೆಯ ಮೇಲಿನ ಸಂದಿನ ಕಡೆ ಕಣ್ಣೆತ್ತಿದರು.

“ಆಮ್ಯಾಲ ಇಳದ ಬಂದೆ.”

ಮಾಬೂಬಿ ಟೀವಿ ಹಚ್ಚಿದರು. ಈ ವರ್ಷದ ಲೀಗು ನಡೆದಿತ್ತು. ಕೊಕ್ಕರಿಯೂ ಇಲ್ಲ, ಎಮ್ಮಿಯೂ ಇಲ್ಲ, ಹೆಸರಿಡುವವರಿಲ್ಲದೆ ಹೊಸಬರೆಲ್ಲ ಬರೀ ನಂಬರುಗಳಾಗಿದ್ದರು. ನಮ್ಮ ಕಡೆಯ ಗಿಡ್ಡನೆಯ ರೇಡರ್ ಒಬ್ಬ ಒಳಗೆ ಹೊಕ್ಕ. ನನ್ನ ತುಟಿ ತಾನಾಗಿ ಆಡತೊಡಗಿತು. ಇಪ್ಪತ್ತಾರು ಸೆಕೆಂಡು ಈಗಿಲ್ಲ, ಇಪ್ಪತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೇ ಅವನು ಮೂವರನ್ನು ಮುಟ್ಟಿ, ಎಲ್ಲರ ಮೇಲಿಂದ ಹಾರಿ, ಗೆರೆಯಾಚೆ ಬಂದು ಬಿದ್ದ. ನಾನು ಇದ್ದಬದ್ದ ಗಂಟಲಿನಿಂದ ‘ಹೋ’ ಎಂದು ಕೂಗಿದೆ.

ಖೋಲಿಯಲ್ಲಿ ಮತ್ತಾರೂ ಕೂಗಲಿಲ್ಲ. ತಿರುಗಿ ನೋಡಿದೆ. ಖಾದರಸಾಬರು ಬಾಯಿಗೆ ಟವೆಲ್ಲು ತುರುಕಿಕೊಂಡು, ಕಣ್ಣಗಲಿಸಿ, ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಮಾಬೂಬಿಯ ಮುಷ್ಟಿಯಿಂದ ಮೂರನೆಯ ಬೆರಳು ಬಿಚ್ಚುತ್ತಿತ್ತು.

ನಾನು ಆರು ಸೆಕೆಂಡು ಮೊದಲೇ ಕೂಗಿಬಿಟ್ಟಿದ್ದೆ.